ಒಂಬತ್ತು ಡಬ್ಬಿ, ಒಂದೇ ಹೊಟ್ಟಿ

"ಆರು ವರ್ಷದ ಕೂಸು ಅಡಕಿ ತಿಂತದೇನ್ರಿ ಸಾಹೇಬ್ರ?"

ಫೋನಿನ ಆ ಕಡಿ ಔರಾದದ ಶಿಕ್ಷಣ ಖಾತಿ ಸಾಹೇಬ್ರು ಕೇಳಿದ್ರು, "ಅಂದ್ರ?"

"ಅಂದ್ರ, ಒಂದನೇ ಇಯತ್ತಿ ಹುಡುಗಿ ಹೆಸರು ಬರದ ಡಬ್ಬ್ಯಾಗ ಅಡಕಿ ಚೂರು ಅವ. ನಾಲ್ಕನೇ ಇಯತ್ತಿ ಹುಡುಗನ ಡಬ್ಬ್ಯಾಗೂ ಅವ. ಒಂಬತ್ತಕ್ಕ ಒಂಬತ್ತೂ ಡಬ್ಬ್ಯಾಗ ಅವ. ನಿಮ್ಮ ಸಾಲಿ ಮಕ್ಕಳು ಪಾಟಿ ಚೀಲದಾಗ ಪಾನಡಬ್ಬಿ ಇಟ್ಕೊಂಡು ಹೋಗ್ತಾರೇನ್ರಿ?"

"ಮೇಡಂ, ಲ್ಯಾಬಿನ ಮಾತು ನನಗ ತಿಳಿಯೋದಿಲ್ಲ. ರಿಪೋರ್ಟ್ ಬಂದದ, ಒಂಬತ್ತು ಮಕ್ಕಳಿಗೂ ಒಂದೇ ರೋಗ. ನಾಲ್ಕು ಗಂಟೆಕ್ಕ ಅಡಗಿಯಾಕಿನ್ನ ತೆಗಿಯೋ ಆರ್ಡರಿಗಿ ಸಹಿ ಹಾಕ್ತೇನಿ. ಊರ ಮಂದಿ ನನ್ನ ಬಾಗಲಾಗ ಬಂದು ಕೂತಾರ."

"ಸಾಹೇಬ್ರ, ಜರಾ ಕೇಳ್ರಿ..."

ಫೋನ್ ಇಟ್ಟೇಬಿಟ್ರು. ಗೋಡಿ ಗಡಿಯಾರದಾಗ ಹನ್ನೊಂದೂ ಕಾಲು.

ನನ್ನ ಹೆಸರು ತಬಸ್ಸುಮ. ಮುಗುಳ್ನಗಿ ಅಂತ ಅದರ ಅರ್ಥ. ಇಟ್ಟಾಕಿ ನಮ್ಮ ಅಮ್ಮಿ ಖುರ್ಷಿದ ಬೇಗಂ. ಈಗ ನನ್ನ ಮಾರಿ ನೋಡಿದಾಗೊಮ್ಮೆ ಅಕಿಗೇ ನಗಿ ಬರ್ತದ. ಇಪ್ಪತ್ತೆರಡು ವರ್ಷದಿಂದ ಬೀದರದಾಗ ಕೂತು ಮಂದಿ ಹೊಟ್ಟಿಲಿಂದ ಹೊರಗ ಬಂದದ್ದನ್ನ ಗಾಜಿನ ಮ್ಯಾಲ ಹಚ್ಚಿ, ದುರ್ಬೀನಿನಾಗ ಇಣುಕಿ ನೋಡೋದು ನನ್ನ ಕೆಲಸ. ಇಂಥ ಕೆಲಸ ಮಾಡೋರು ಯಾವ ಸುಖಕ್ಕ ನಗಬೇಕು ನೀವೇ ಹೇಳ್ರಿ.

ಸಂಗತಿ ಇಷ್ಟೇ. ಚಿಂತಾಕಿ ದಾಟಿದ ಮ್ಯಾಲ ಒಂದು ಸಣ್ಣ ವಸ್ತಿ ಅದ, ಅಲ್ಲಿ ಸಾಲ್ಯಾಗಿನ ಮೂವತ್ತೊಂದು ಮಕ್ಕಳಿಗಿ ಒಂದೇ ವಾರದಾಗ ಜುಲಾಬ ಹತ್ತಿತು. ಊರು ಎದ್ದು ಕೂತು ಒಂದೇ ಹೆಸರು ಕೂಗ್ತು: ಕೇಶರಬಾಯಿ. ಬಿಸಿಯೂಟದ ಅಡಗಿ ಮಾಡೋ ಕೇಶರಬಾಯಿ.

ಹದಿನಾಲ್ಕು ವರ್ಷದಿಂದ ಆ ಸಾಲಿ ಒಲಿ ಮುಂದ ಕೂತ ಹೆಣ್ಮಗಳು ಅಕಿ. ಊರ ಹೊರಗಿನ ಕೇರಿ ಬೌದ್ಧರಾಕಿ. ಮಗಳು ಮಹಾಮಾಯಾನ್ನ ಬೀದರದಾಗ ಇಟ್ಟು ನರ್ಸಿಂಗ್ ಓದಸ್ಲಿಕತ್ಯಾಳ. ಹೋದ ಗುರುವಾರ ನನ್ನ ಲ್ಯಾಬಿನ ಬಾಗಲಿಗಿ ಬಂದು ನಿಂತಿದ್ಳು. ಅಳಲಿಲ್ಲ, ಕೂಗಲಿಲ್ಲ. ಸೆರಗು ಬೆರಳಿಗಿ ಸುತ್ತಿಕೋತ ಒಂದೇ ಮಾತು ಅಂದಳು.

"ನೌಕರಿ ಹೋದ್ರ ಹೋಗ್ಲಿ ಮೇಡಂ. ಆದ್ರ ನನ್ನ ಕೈ ಹೊಲಸು ಅಂತ ಸರ್ಕಾರದ ಕಾಗದದಾಗ ಬರಿಬಾರದು. ಅಷ್ಟು ನೋಡ್ರಿ."

ನೋಡ್ತೇನಿ ಅಂದೀನಿ. ಮಾತು ಕೊಟ್ಟೀನಿ. ಇವತ್ತ ನಾಲ್ಕು ಗಂಟೆಕ್ಕ ಅದೇ ಮಾತು ಕಾಗದದಾಗ ಬೀಳಲಿಕ್ಕತ್ತದ.

ಯಾ ಅಲ್ಲಾ, ಈ ಮಂದಿಗಿ ಹ್ಯಾಂಗ ತಿಳಿಸಿ ಹೇಳ್ಲಿ! ಜುಲಾಬ ಅಂದ್ರ ಒಂದು ರೋಗ, ಒಂದು ಜಂತು, ಒಬ್ಬ ಗುನ್ಹೆಗಾರ ಅಂತ ತಿಳಕೊಂಡಾರ. ನಮ್ಮ ಕಡಿ ಜುಲಾಬ ಹತ್ತಿದವರ ಹೊಟ್ಟ್ಯಾಗ ಬಹಳ ಸಲ ಇಬ್ಬರು ಮೂವರು ಕೂಡೇ ಕೂತಿರ್ತಾರ. ಹಂಗಂತ ಎಲ್ಲರ ಹೊಟ್ಟ್ಯಾಗೂ ಅದೇ ಮೂವರು ಇರೋದಿಲ್ಲ. ಈ ಕೂಸಿನ್ಯಾಗ ಒಂದು, ಬಾಜು ಮನಿ ಕೂಸಿನ್ಯಾಗ ಎರಡು, ಮೂರನೇದರಾಗ ಬ್ಯಾರೇನೇ ಜೋಡಿ.

ಅದೇ ಸಾಲಿ ನಾಲ್ಕು ಮಕ್ಕಳು ಬೀದರಿಗಿ ಬಂದು ದವಾಖಾನ್ಯಾಗ ಭರ್ತಿ ಆಗ್ಯಾವ. ಅವುಗಳದು ನಾನೇ ನಿಂತು ತಗೊಂಡು ನೋಡೀನಿ. ಒಂದರಾಗ ಬರೇ ಶಿಗೆಲ್ಲಾ, ರಕ್ತ ಬೀಳಿಸೋ ಜಂತು. ಒಂದರಾಗ ಶಿಗೆಲ್ಲಾ ಜೋಡಿ ಕ್ರಿಪ್ಟೊ. ಉಳಿದ ಎರಡರಾಗ ಬರೇ ಕ್ರಿಪ್ಟೊ.

ಕ್ರಿಪ್ಟೊ ಅಂದ್ರ ಕರು, ಕುರಿಮರಿ ಹೊಟ್ಟ್ಯಾಗ ಇರೋ ಸಣ್ಣ ಜಂತು. ಮರಿ ಮುಟ್ಟಿದ ಕೈಯಿಂದ ನೀರಿಗಿ ಇಳೀತದ. ಕುದಿಸಿದ್ರ ಸಾಯ್ತದ. ಕುದಿಯೋ ಅನ್ನ, ಕುದಿಯೋ ಸಾರಿನಾಗ ಅದು ಹ್ಯಾಂಗ ಬದುಕ್ತದ? ಈ ಪ್ರಶ್ನಿ ಯಾರೂ ಕೇಳಲಿಲ್ಲ. ಒಂಬತ್ತು ಡಬ್ಬಿ ನೋಡಿ ಮೊದಲ ರಿಪೋರ್ಟ್ ಬರದ ಖಾಸಗಿ ಲ್ಯಾಬಿನವರು ಶಿಗೆಲ್ಲಾ ಕಂಡ ಕೂಡಲೆ ಸಾಕು ಅಂತ ಎದ್ದುಬಿಟ್ಟಾರ. ಒಬ್ಬ ಕಳ್ಳ ಕೈಗಿ ಸಿಕ್ಕ ಅಂತ ಮನಿ ಹುಡುಕೋದು ಬಿಟ್ಟು ಚಾ ಕುಡಿಯಾಕ ಹೋದ ಪೊಲೀಸರಂಗ.

ಇನ್ನ ಆ ಒಂಬತ್ತು ಡಬ್ಬಿ. ಒಂಬತ್ತು ಮಕ್ಕಳ ಹೆಸರು. ಒಂಬತ್ತರಾಗೂ ಶಿಗೆಲ್ಲಾ, ಕ್ರಿಪ್ಟೊ, ಮ್ಯಾಲ ಜಿಯಾರ್ಡಿಯಾ ಅನ್ನೋ ಮೂರನೇದು. ಒಂದು ಹೆಚ್ಚಿಲ್ಲ, ಒಂದು ಕಮ್ಮಿಲ್ಲ. ಒಂದೇ ಬಣ್ಣ. ಒಂದೇ ಅಡಕಿ ಚೂರು. ಒಂಬತ್ತು ಮಕ್ಕಳು ಒಂದೇ ಹೊಟ್ಟಿ ಹೊತ್ತು ಸಂಡಾಸಕ್ಕ ಕೂತಂಗ ಆತು.

ಹತ್ತನೇದೂ ಒಂದು ಡಬ್ಬಿ ಅದ. ಅದರ ಮ್ಯಾಲ ಕೇಶರಬಾಯಿ ಹೆಸರು. ಅದ್ರಾಗ ಏನೂ ಇಲ್ಲ. ಜಂತಿಲ್ಲ, ಅಡಕಿಲ್ಲ, ತೊಳದಿಟ್ಟ ಅಂಗಳದಂಗ ಅದ. ಸಾಹೇಬ್ರಿಗಿ ಅದನ್ನೂ ಹೇಳೀನಿ. "ಅಕಿ ಮೊದಲೇ ಗುಳಿಗಿ ತಿಂದಿರಬೇಕು ಬಿಡ್ರಿ" ಅಂದ್ರು. ರೋಗ ಇದ್ರ ಅಕಿ ತಪ್ಪು, ಇಲ್ಲಂದ್ರೂ ಅಕಿದೇ ತಪ್ಪು!

ಹತ್ತೂ ಡಬ್ಬಿ ಬರ್ಫಿನ ಪೆಟ್ಟಿಗ್ಯಾಗ ಹಾಕಿ, ಭುಜಕ್ಕ ಹಾಕ್ಕೊಂಡು, ಭಾಲ್ಕಿ ಬಸ್ಸು ಹತ್ತಿದೆ. ಡಬ್ಬಿ ತುಂಬಿ ತಂದಾಂವ ಭಾಲ್ಕಿಯಾಂವ. ಸುಶೀಲಕುಮಾರ ಅಂತ, ಆರೋಗ್ಯ ಖಾತಿ ನೌಕರ. ಎರಡು ದಿವ್ಸದಿಂದ ಫೋನ್ ಬಂದ್ ಮಾಡ್ಕೊಂಡು, ರಜಾ ಹಾಕಿ ಮನ್ಯಾಗ ಕೂತಾನ.

ಬಸ್ಸಿನಾಗ ಬಾಜು ಕೂತ ಅಕ್ಕ ಪೆಟ್ಟಿಗಿ ಮುಟ್ಟಿ ಮುಟ್ಟಿ ನೋಡಿದ್ಳು. "ಭಾಳ ಥಂಡಾ ಅದರಿ. ಕುಲ್ಫಿ ಏನು?"

"ಅಲ್ಲ."

"ಮತ್ತೇನ್ರಿ?"

ಹೇಳಿದೆ. ಅಕಿ ಎದ್ದು ಹೋಗಿ ಡ್ರೈವರನ ಹಿಂದ ನಿಂತ್ಳು. ಭಾಲ್ಕಿತನಕ ಎರಡು ಸೀಟ್ ನನಗೊಬ್ಬಕಿಗೇ ಆದ್ವು. ಇವತ್ತಿನ ದಿವ್ಸದಾಗ ಸಿಕ್ಕ ಸುಖ ಅದೊಂದೇ.

*

ಸುಶೀಲಕುಮಾರ ಕಟ್ಟಿ ಮ್ಯಾಲ ಹೊರಸು ಹಾಕ್ಕೊಂಡು ಕೂತಿದ್ದ, ಕೈಯಾಗ ಚಾದ ಬಸಿ. ನನ್ನ ನೋಡಿದ ಕೂಡಲೆ ಚಾ ಲುಂಗಿ ಮ್ಯಾಲ ಚೆಲ್ಲಿದ.

"ಮೇಡಂ! ಬರ್ರಿ ಬರ್ರಿ, ಕೂಡ್ರಿ. ಒಂದು ಕಪ್ ಚಾ..."

"ಚಾ ಬ್ಯಾಡ. ಅಡಕಿ ಯಾರು ತಿಂತಾರ ಹೇಳು."

"ಯಾವ ಅಡಕಿ ರೀ?"

ನಾ ಪೆಟ್ಟಿಗಿ ತೆರದು ಹೊರಸಿನ ಮ್ಯಾಲ ಒಂದೊಂದೇ ಡಬ್ಬಿ ಸಾಲಾಗಿ ಇಡಲಿಕ್ಕತ್ತಿದೆ. ಒಂದು. ಎರಡು. ಮೂರು.

"ಅಯ್ಯಯ್ಯ ಮೇಡಂ, ಇಲ್ಲಿ ಇಡಬ್ಯಾಡ್ರಿ! ಒಳಗ ನಮ್ಮವ್ವ ದೇವರ ಮುಂದ ಕೂತಾಳ!"

ನಾಲ್ಕು. ಐದು.

"ಮೇಡಂ, ನಿಮ್ಮ ಕೈ ಮುಗೀತೇನಿ!"

"ಕೈ ಮುಗಿಬ್ಯಾಡ, ಬಾಯಿ ತೆರಿ. ಒಂಬತ್ತು ಮಕ್ಕಳ ಹೆಸರು ಬರದು ಒಂದೇ ಹೊಟ್ಟಿದು ತುಂಬೀದಿ. ಹೌದಿಲ್ಲೋ?"

ಅಂವ ಬಾಗಲ ಕಡಿ ನೋಡಿದ, ಓಣಿ ಕಡಿ ನೋಡಿದ. ಆಮ್ಯಾಲ ದನಿ ಸಣ್ಣ ಮಾಡಿ ಅಂದ, "ಹೌದ್ರಿ."

ತಪ್ಪು ಹಿಡದ ಖುಷಿ ನನಗ ಆಗಲಿಲ್ಲ, ಬರೇ ಸಂಕಟ ಆತು. "ಯಾಕೋ? ಮಕ್ಕಳ ಜೀವದ ಪ್ರಶ್ನಿ, ಯಾಕ ಹಿಂಗ ಮಾಡ್ದಿ?"

"ನೀವು ಬೀದರದಾಗ ಕೂತು ಡಬ್ಬಿ ತುಂಬ್ಕೊಂಡು ಬಾ ಅಂತೀರಿ ಮೇಡಂ! ಒಂದು ಸಲ ಮನಿ ಮನಿಗಿ ನೀವೇ ಹೋಗಿ ನೋಡ್ರಿ!" ಅವನಿಗೂ ಸಿಟ್ಟು ಬಂತು. "ಹೆಂಗಸರು ಚಪ್ಪಲಿ ಹಿಡಕೊಂಡು ಬಂದ್ರು. 'ನಮ್ಮ ಹುಡುಗ್ಯಾರದು ಡಬ್ಬ್ಯಾಗ ಹಾಕಿ, ಹೆಸರು ಬರದು, ಬೀದರಿಗಿ ಕಳಸ್ತೀಯೇನೋ? ಅಲ್ಲಿ ಗಂಡಸರು ನೋಡ್ತಾರೇನೋ? ನಾಳಿ ಇವರದು ಲಗ್ನ ಆಗೋದು ಬ್ಯಾಡೇನೋ?' ಅಂದ್ರು. ಹತ್ತು ಮನಿ ತಿರುಗೀನಿ, ಹತ್ತೂ ಮನಿ ಬಾಗಲು ಹಾಕ್ಕೊಂಡ್ರು. ಇತ್ತ ಸಂಜಿ ಒಳಗ ಡಬ್ಬಿ ಬರಲಿಲ್ಲಂದ್ರ ನನಗ ನೋಟಿಸು. ನಾ ಏನು ಮಾಡ್ಲಿ? ಹೊಂಗಿ ಗಿಡದ ಕೆಳಗ ಕೂತು ಅತ್ತುಬಿಟ್ಟೆ ರೀ."

"ಆಮ್ಯಾಲ?"

"ಒಬ್ಬರಿಗಿ ನನ್ನ ನೋಡಿ ಕರುಣಿ ಬಂತು."

"ಯಾರಿಗಿ?"

ಅಂವ ಬಸಿ ಕೆಳಗ ಇಟ್ಟ. ಹೇಳಲೋ ಬ್ಯಾಡೋ ಅಂತ ಎರಡು ಸಲ ತುಟಿ ಒರಸ್ಕೊಂಡ.

"ಕೇಶರಬಾಯಿಗಿ ರೀ. ಒಂಬತ್ತೂ ಡಬ್ಬಿ ಅಕಿನೇ ತುಂಬಿ ಕೊಟ್ಟಾಳ."

ಹೊರಸಿನ ಮ್ಯಾಲೇ ಕುಸದು ಕೂತೆ. ಡಬ್ಬಿಗಳು ಗಡಗಡ ಅಂದ್ವು.

ಯಾರನ್ನ ಉಳಸ್ಬೇಕಂತ ಬಸ್ಸು ಹತ್ತಿದ್ನೋ ಅಕಿ ಕುತ್ತಿಗಿಗೇ ಹಗ್ಗ ತಗೊಂಡು ಬಂದಂಗಾತು. ಮೂರು ರೋಗದ ಹೊಟ್ಟಿ ಇಟ್ಕೊಂಡು ಮೂವತ್ತೊಂದು ಮಕ್ಕಳಿಗಿ ಅಡಗಿ ಮಾಡಿದ್ಳು ಅಂತ ಈಗ ನಾನೇ ಬರದು ಕೊಡಬೇಕು. ಹಾಳಾಗಿ ಹೋಗ್ಲಿ ಈ ನೌಕರಿ! ಸಿಟ್ಟಿಗಿ ಕಣ್ಣಾಗ ನೀರು ಬಂತು.

ತೆರದ ಪೆಟ್ಟಿಗ್ಯಾಗಿಂದ ಹತ್ತನೇ ಡಬ್ಬಿ ನನ್ನ ಕಾಲ ಬಲ್ಲಿ ಉರುಳಿ ಬಿದ್ದಿತ್ತು. ಎತ್ತಿ ನೋಡಿದೆ. ಕೇಶರಬಾಯಿ.

"ಸುಶೀಲ, ಇದು ಯಾವಾಗ ಕೊಟ್ಟಾಳ?"

"ಅದು ಮುಂಜಾನಿ ರೀ. ನಂದು ತಗೋ ಅಂತ ಮೊದಲು ಅಕಿನೇ ಕೊಟ್ಳು. ಉಳಿದದ್ದು ಮಧ್ಯಾಹ್ನ."

"ಅದೇ ದಿವ್ಸ?"

"ಅದೇ ದಿವ್ಸ ರೀ."

"ಮುಂಜಾನಿ ಸ್ವಚ್ಛ ಇದ್ದ ಹೊಟ್ಟ್ಯಾಗ ಮಧ್ಯಾಹ್ನ ಮೂರು ರೋಗ ಬಂದು ಕೂಡ್ತಾವೇನೋ? ಅಡಕಿ ಜೋಡಿ? ಮಧ್ಯಾಹ್ನದ್ದು ಅಕಿದೇ ಅಂತ ನಿನಗ್ಯಾರು ಹೇಳ್ಯಾರ?"

"ಒಳಗಿಂದ ಬೋಗಾಣ್ಯಾಗ ತಂದು ಕೊಟ್ಳು ರೀ. ಮನ್ಯಾಗ ಅಕಿ ಒಬ್ಬಕಿನೇ ಇರ್ತಾಳ, ಅದಕ್ಕ ಅಕಿದೇ ಅಂತ ನಾನೇ ತಿಳಕೊಂಡೆ."

"ಒಳಗ ಹೋಗಿ ನೋಡೀಯೇನು?"

"ಛೀ ಛೀ ಮೇಡಂ, ನಾ ಯಾಕ ನೋಡ್ಲಿ!"

ಒಂದೂ ನಲವತ್ತಾಗಿತ್ತು. ಡಬ್ಬಿ ಪೆಟ್ಟಿಗ್ಯಾಗ ತುಂಬಿದೆ. "ಏಳು. ಗಾಡಿ ತೆಗಿ. ಔರಾದಕ್ಕ ನಡಿ."

"ಲುಂಗಿ ಮ್ಯಾಲ ಅದೀನಿ ರೀ!"

"ಎರಡು ನಿಮಿಷ ಕೊಡ್ತೇನಿ. ಪ್ಯಾಂಟ್ ಹಾಕ್ಕೊಂಡು ಬಾ."

*

ಭಾಲ್ಕಿಯಿಂದ ಔರಾದತನಕ ಅವನ ಮೋಟರ್ ಸೈಕಲಿನ ಹಿಂದ ಕೂತು ನನ್ನ ನಡ ಎರಡಾಗಿ ಹೋತು. ನಡುವ ಒಂದು ಸಲ ಪಂಕ್ಚರ್. ಪಂಕ್ಚರ್ ಹಚ್ಚಾಂವ ಊಟಕ್ಕ ಹೋಗಿದ್ದ. ಇನ್ನೇನು ಆಗಬೇಕು ನನ್ನ ನಸೀಬಿನ್ಯಾಗ!

ಮೂರೂವರಿಗಿ ಸಾಹೇಬರ ಆಫೀಸು ಮುಟ್ಟಿದ್ವಿ. ವರಾಂಡದ ಮೂಲ್ಯಾಗ, ಖುರ್ಚಿ ಖಾಲಿ ಇದ್ರೂ ನೆಲದ ಮ್ಯಾಲ ಕೂತಿದ್ಳು ಕೇಶರಬಾಯಿ. ತೊಡಿ ಮ್ಯಾಲ ಒಂದು ಸ್ಟೀಲಿನ ಬಾಟಲಿ. ಆ ಕಡಿ ಊರ ಮಂದಿ ಹತ್ತು ಹನ್ನೆರಡು, ಅವರ ಮುಂದ ಹೆಗಲಿಗಿ ಶಲ್ಯ ಹಾಕ್ಕೊಂಡ ಜ್ಞಾನೇಶ್ವರ. ಸಾಲಿ ಕಮಿಟಿ ಅಧ್ಯಕ್ಷ ಅಂವ, ಮನ್ಯಾಗ ಎಂಬತ್ತು ಕುರಿ. ಕೇಶರಬಾಯಿನ್ನ ತೆಗಿಬೇಕು ಅಂತ ಮೊದಲು ಅರ್ಜಿ ಕೊಟ್ಟಾಂವ ಅವನೇ.

ನಾ ಸೀದಾ ಕೇಶರಬಾಯಿ ಮುಂದ ಹೋಗಿ ಕೂತೆ. "ಹಲ್ಲು ತೋರಸು."

"ಏನ್ರಿ ಮೇಡಂ?"

"ಹಲ್ಲು!"

ತೋರಸಿದ್ಳು. ಬೆಳ್ಳಗ ಅವ, ಒಂದು ಕೆಂಪು ಗೆರಿ ಇಲ್ಲ. "ಅಡಕಿ ತಿಂತೀಯೇನು?"

"ಇಲ್ರಿ. ಒಲಿ ಮುಂದ ಕೂಡಾಕಿ, ಮಕ್ಕಳ ತಾಟಿನ್ಯಾಗ ಬಿದ್ದೀತು ಅಂತ ಎಂದೂ ಮುಟ್ಟಿಲ್ಲ."

"ಮತ್ತ ಆ ಒಂಬತ್ತು ಡಬ್ಬಿ ಯಾರದು?"

ಸುಶೀಲಕುಮಾರ ನನ್ನ ಹಿಂದ ನಿಂತಿದ್ದ. ಅಕಿ ಅವನ ಮಾರಿ ನೋಡಿದ್ಳು, ಆಮ್ಯಾಲ ಬಾಟಲಿ ನೋಡಿದ್ಳು. "ನಂದೇ ರೀ."

"ಸುಳ್ಳು."

"ನಂದೇ ಅಂತ ಬರಕೊಳ್ರಿ ಮೇಡಂ."

ಈ ಹೆಣ್ಮಗಳಿಗಿ ಎರಡು ಬಡೀಬೇಕು ಅನಸ್ತು ನನಗ! ಗುರುವಾರ ಕಾಗದದಾಗ ಆ ಮಾತು ಬರಿಬಾರದು ಅಂತ ನನ್ನ ಬಾಗಲಿಗಿ ಬಂದಾಕಿ, ಇವತ್ತ ತಾನೇ ಬರಕೊಳ್ರಿ ಅಂತಾಳ.

ಅಕಿ ಬಾಟಲಿ ತೆರದು ಎರಡು ಗುಟುಕು ನೀರು ಕುಡದಳು. ಆಫೀಸಿನ ವರಾಂಡದಾಗ ನೀರಿನ ಫಿಲ್ಟರ್ ಅದ, ಎದ್ದ್ರ ನಾಲ್ಕು ಹೆಜ್ಜಿ.

"ಮನಿಯಿಂದ ತಂದೀಯೇನು ನೀರು?"

"ಹೌದ್ರಿ. ಎಲ್ಲಿ ಹೋದ್ರೂ ತರ್ತೇನಿ. ರೂಢಿ ಆಗ್ಯಾದ."

"ಸಾಲಿಗೂ?"

"ಹೌದ್ರಿ."

"ಸಾಲ್ಯಾಗ ಮಕ್ಕಳು ಕುಡಿಯೋ ನೀರಿನ ಗಡಿಗಿ ಅದಲ್ಲ, ನೀ ಯಾಕ ಅದ್ರಾಗಿಂದು ಕುಡಿಯೋದಿಲ್ಲ?"

ಅಕಿ ಬಾಟಲಿ ಮುಚ್ಚಳ ತಿರುಗಿಸಿ ತಿರುಗಿಸಿ ಬಿಗಿ ಮಾಡಿದ್ಳು. "ಆ ಗಡಿಗಿ ನಾ ಮುಟ್ಟೋದಿಲ್ರಿ."

"ಮುಟ್ಟಬ್ಯಾಡ ಅಂತ ಯಾರು ಅಂದಾರ?"

"ಯಾರೂ ಅಂದಿಲ್ರಿ. ಮೊದಲಿಂದ ಹಂಗೇ ಅದ. ನಾ ಮಾಡಿದ ಅನ್ನ, ಸಾರು ಉಣ್ತಾರ್ರಿ, ಸರ್ಕಾರದ್ದು ಅಂತ. ನೀರು ಮಾತ್ರ ಬ್ಯಾರೆಯವರು ತುಂಬ್ತಾರ, ಬ್ಯಾರೆಯವರೇ ತಂಬಿಗಿ ಅದ್ದಿ ಕೊಡ್ತಾರ."

ಹದಿನಾಲ್ಕು ವರ್ಷ! ಒಂದು ಕಾಗದದಾಗ ಇಲ್ಲ, ಒಂದು ರಿಜಿಸ್ಟರಿನ್ಯಾಗ ಇಲ್ಲ. ಇನ್ಸ್‌ಪೆಕ್ಷನ್ನಿಗಿ ಬಂದವರು ಎಷ್ಟು ಮಂದಿ ಆ ಗಡಿಗಿ ನೀರೇ ಕುಡದು ಹೋಗ್ಯಾರೋ. ನನ್ನ ಮೈಯೆಲ್ಲಾ ಉರೀತು. ಉರಿಯೋದ್ರಾಗೇ ಲೆಕ್ಕಾನೂ ಕೂಡ್ತು. ಅಕಿ ಮಾಡಿದ್ದು ಕುದ್ದು ಇಳೀತದ. ಅಕಿ ಕೈ ಮುಟ್ಟದ್ದೇ ಕುದಿಲಾರದ್ದು. ಆ ಸಾಲ್ಯಾಗ ಗಡಿಗಿ ನೀರು ಕುಡಿಯದಾಕಿ ಅಕಿ ಒಬ್ಬಕಿನೇ, ನಾ ನೋಡಿದವರಾಗ ಹೊಟ್ಟಿ ಸ್ವಚ್ಛ ಇದ್ದಾಕಿನೂ ಅಕಿ ಒಬ್ಬಕಿನೇ.

ನಾ ಎದ್ದು ನಿಂತು ಎಲ್ಲರಿಗಿ ಕೇಳೋ ಹಂಗ ಅಂದೆ, "ರೋಗ ಅಡಗ್ಯಾಗ ಇಲ್ಲ, ನೀರಿನ್ಯಾಗ ಅದ. ನನ್ನ ಕಡಿ ಪುರಾವಿ ಅದ."

ಜ್ಞಾನೇಶ್ವರ ಶಲ್ಯ ಸರಿ ಮಾಡ್ಕೋತ ಮುಂದ ಬಂದ. "ನೀರಿನ ಮಾತು ಎತ್ತಬ್ಯಾಡ್ರಿ ಮೇಡಂ. ನೀರಿನ್ಯಾಗ ಏನೂ ದೋಷ ಇಲ್ಲ. ಅದನ್ನ ಇಕಿ ಮುಟ್ಟೇ ಇಲ್ಲ!"

"ಮತ್ತ ಯಾರು ತುಂಬ್ತಾರ?"

"ನಮ್ಮವ್ವ ತುಂಬ್ತಾಳ. ಚಂದ್ರಭಾಗಾ." ಎದಿ ಉಬ್ಬಿಸಿ ಹೇಳಿದ, ಪಾಪ. "ಮುಂಜಾನಿ ಎದ್ದು ಮರಿಗಳಿಗಿ ಹಾಲು ಕುಡಸಿ, ಸೀದಾ ಸಾಲಿಗಿ ಹೋಗಿ ಗಡಿಗಿ ತುಂಬ್ತಾಳ. ತನ್ನ ಕೈಲೇ ಮಕ್ಕಳಿಗಿ ಕೊಡ್ತಾಳ. ಹೋದ ಮಂಗಳವಾರ ಡಾಬಕಾಕ್ಕ ನಮ್ಮ ಅಕ್ಕನ ಮನಿಗಿ ಹೋಗ್ಯಾಳ. ಇಲ್ಲಂದ್ರ ಅಕಿನ್ನೇ ಕರಕೊಂಡು ಬರ್ತಿದ್ದೆ ನಿಮ್ಮ ಮುಂದ."

ಸುಶೀಲಕುಮಾರ ನನ್ನ ಕಿವ್ಯಾಗ ಅಂದ, "ಅಡಕಿ ರೀ ಮೇಡಂ. ಆ ಮುದುಕಿ ಬಾಯಾಗ ಅಡಕಿ ಇಲ್ದಾಗ ನಾ ನೋಡೇ ಇಲ್ಲ."

ನಾ ಬಾಯಿ ತೆರದೆ. ಕೆಳಗಿಂದ ಒಂದು ಕೈ ಬಂದು ನನ್ನ ಮುಂಗೈ ಗಟ್ಟಿ ಹಿಡೀತು.

"ಹೇಳಬ್ಯಾಡ್ರಿ," ಅಂದಳು ಕೇಶರಬಾಯಿ. "ಅವನ ಮುಂದ ಹೇಳಬ್ಯಾಡ್ರಿ."

ಜ್ಞಾನೇಶ್ವರ ಗೆದ್ದವನಂಗ ತಿರುಗಿ ಸಾಹೇಬರ ಖೋಲಿಗಿ ಹೋದ. ಊರ ಮಂದಿ ಅವನ ಹಿಂದ ಬಾಗಲಿಗಿ ನಿಂತ್ರು. ನಾ ಅಕಿನ್ನ ಕಂಬದ ಮರಿಗಿ ಎಳಕೊಂಡು ಹೋದೆ.

"ತಲಿ ಕೆಟ್ಟದೇನು ನಿಂದು? ಇದೊಂದು ಮಾತು ಹೇಳಿದ್ರ ನಿನ್ನ ಕೈ ಸ್ವಚ್ಛ ಅಂತ ಇಡೀ ತಾಲೂಕಿಗಿ ಗೊತ್ತಾಗ್ತದ!"

"ಅಕಿ ಡಾಬಕಾಕ್ಕ ಹೋಗಿಲ್ರಿ."

"ಮತ್ತೆಲ್ಲಿ ಹೋಗ್ಯಾಳ?"

"ನಮ್ಮ ಮನ್ಯಾಗ ಅದಾಳ."

ಅಕಿ ಗಾಬರಿ ಆಗಿ ಬಾಗಲ ಕಡಿ ನೋಡಿ, ದನಿ ಇಳಿಸಿದ್ಳು. "ಹದಿನೈದು ದಿವ್ಸದಿಂದ ಹೊಟ್ಟಿ ಸರಿ ಇರಲಿಲ್ಲ ಅಂತ. ಮನ್ಯಾಗ ಸೊಸಿ ಮುಂದ ಹೇಳಾಕ ನಾಚಿಕಿ. ಮಗಳ ಮನಿಗಿ ಹೋಗಿ ಮಲಗ್ತೇನಿ ಅಂತ ಹೊಂಟಾಕಿ ನಮ್ಮ ಬಾಗಲ ಮುಂದೇ ಬಿದ್ಳು. ಸೀರಿ ಪೂರಾ ಕೆಟ್ಟಿತ್ರಿ. ಒಳಗ ಕರಕೊಂಡೆ, ತೊಳದೆ, ನೀರು ಕುಡಸಿದೆ. ಆಮ್ಯಾಲ ನನ್ನ ಕೈ ಹಿಡದು ಆಣಿ ಹಾಕಸ್ಯಾಳ, 'ನಿನ್ನ ಮನಿ ನೀರು ಕುಡದೀನಿ ಅಂತ ಗೊತ್ತಾದ್ರ ನನ್ನ ಮಗ ನನಗ ಬಾಗಲು ತೆರಿಯೋದಿಲ್ಲ' ಅಂತ."

"ಸುಶೀಲ ಡಬ್ಬಿ ಹಿಡಕೊಂಡು ಅಳಕೋತ ನಿಂತಾಗ ಅಕಿದೇ ಕೊಟ್ಟಿ."

"ಬೋಗಾಣಿ ಅಲ್ಲೇ ಇತ್ತು. ಅವನ ನೌಕರಿ ಉಳೀಲಿ ಅಂತ ಕೊಟ್ಟೆ ರೀ. ಅದು ಹಿಂಗ ನನ್ನ ಮ್ಯಾಲೇ ತಿರುಗ್ತದ ಅಂತ ನನಗೇನು ಗೊತ್ತು?"

"ಈಗ ಹ್ಯಾಂಗ ಅದಾಳ ಮುದುಕಿ?"

ಅಕಿ ಬಾಟಲಿ ಎದಿಗಿ ಅವಚ್ಕೊಂಡ್ಳು.

"ಕೇಶರಬಾಯಿ! ಹ್ಯಾಂಗ ಅದಾಳ?"

"ನಿನ್ನಿತನಕ ಮಾತಾಡ್ತಿದ್ಳು. ಇವತ್ತ ಮುಂಜಾನಿಂದ ಕಣ್ಣು ತೆರೀವಲ್ಲಳು. ದವಾಖಾನಿಗಿ ಒಯ್ಯಬೇಕಂತ ಗಾಡಿ ಕೇಳಾಕ ಹೊರಗ ಬಂದ್ರ, ಸಾಹೇಬರ ಜೀಪು ಬಂದು ನಿಂತಿತ್ರಿ. ನೀ ಬರಲೇಬೇಕು ಅಂದು ಕರಕೊಂಡು ಬಂದ್ರು."

ಮುಂಜಾನಿಂದ! ಮುಂಜಾನಿಂದ ಆ ಮುದುಕಿ ಒಬ್ಬಕಿನೇ ಬಿದ್ದಾಳ, ಇಲ್ಲಿ ಅಕಿ ಮಗ ಒಳಗ ಕೂತು ಚಾ ಹೀರ್ಲಿಕತ್ತಾನ.

ಖೋಲಿ ಬಾಗಲು ತೆರೀತು. ಜವಾನ ಹೊರಗ ಇಣುಕಿ ಕೂಗಿದ, "ಅಡಗಿ ಕೇಶರಬಾಯಿ ಯಾರು? ಒಳಗ ಬಾ, ಸಹಿ ಮಾಡು!"

ನಾ ಅಕಿ ತೋಳು ಹಿಡದೆ. ಅಕಿ ಮೆಲ್ಲಗ ನನ್ನ ಬೆರಳು ಒಂದೊಂದೇ ಬಿಡಿಸಿದ್ಳು. ನೀರಿನ ಬಾಟಲಿ ಬಗಲಾಗ ಇಟ್ಕೊಂಡು, ಸೆರಗು ತಲಿ ಮ್ಯಾಲ ಎಳಕೊಂಡ್ಳು.

"ಹೊಲಸು ಕೈ ಅಂತಲೇ ಬರಕೊಳ್ಳಲಿ ಬಿಡ್ರಿ ಮೇಡಂ. ನಾ ಜಲ್ದಿ ಸಹಿ ಮಾಡಿ ಮನಿಗಿ ಹೋಗಬೇಕು. ಅಲ್ಲಿ ಅವನವ್ವಗ ನೀರು ಕುಡಸೋರು ಯಾರೂ ಇಲ್ಲ."